ಮೂವತ್ತೊಂಬತ್ತು ಗಂಟೆಯ ಮಗು

ಒಂಬತ್ತು ಗಂಟೆಯ ಶೋಗೆ ಇನ್ನೂ ನಲವತ್ತು ನಿಮಿಷ ಇತ್ತು. ಮೇಕಪ್ ರೂಮಿನಲ್ಲಿ ಕೂತು ಸ್ಕ್ರಿಪ್ಟ್ ಓದ್ತಿದ್ದೆ. ಫೋನ್ ಬಂತು. ದಾವಣಗೆರೆಯಿಂದ ಹೆಂಡತಿ. ಸೀಮಂತ ಮುಗಿಸಿಕೊಂಡು ತವರಿಗೆ ಹೋಗಿ ಹತ್ತು ದಿನವೂ ಆಗಿರಲಿಲ್ಲ.

"ರೀ, ಬೆಳಿಗ್ಗೆಯಿಂದ ಹೊಟ್ಟೆ ಆಗಾಗ ಕಲ್ಲಿನ ಥರ ಗಟ್ಟಿ ಆಗ್ತಿದೆ. ಈಗ ಹತ್ತು ನಿಮಿಷಕ್ಕೊಂದು ಸಲ ಆಗ್ತಿದೆ. ಸೊಂಟ ಬೇರೆ ಎಳೀತಿದೆ."

31ನೇ ವಾರ. ಡಾಕ್ಟರ್ ಕೊಟ್ಟ ಡೇಟಿಗೆ ಇನ್ನೂ ಒಂಬತ್ತು ವಾರ ಬಾಕಿ. ನನ್ನ ಸಹೋದ್ಯೋಗಿಗೆ ಶೋ ಒಪ್ಪಿಸಿ, ಮುಖದ ಬಣ್ಣ ಅಳಿಸದೇ ಕಾರು ಹತ್ತಿದೆ. ತುಮಕೂರು ದಾಟುವಷ್ಟರಲ್ಲಿ ಅತ್ತೆ ಫೋನ್ ಮಾಡಿದರು. "ಅಳಿಯಂದ್ರೇ, ಆಸ್ಪತ್ರೆಗೆ ಸೇರಿಸಿದೀವಿ. ಏನೋ ಇಂಜೆಕ್ಷನ್ ಕೊಟ್ಟರು. ನೀವು ನಿಧಾನಕ್ಕೆ ಬನ್ನಿ, ಗಾಬರಿ ಬೇಡ."

ಗಾಬರಿ ಬೇಡ ಅಂದ ತಕ್ಷಣ ಗಾಬರಿ ಹೋಗುತ್ತಾ? ನಾಲ್ಕು ಗಂಟೆ ಸ್ಟೇರಿಂಗ್ ಹಿಡಿದು ಕೂತವನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಏನೋ ಇಂಜೆಕ್ಷನ್ ಅಂದರಲ್ಲ, ಯಾವ ಇಂಜೆಕ್ಷನ್?

ಆ ಇಂಜೆಕ್ಷನ್ನಿನ ಕಥೆಯನ್ನೇ ಇವತ್ತು ಹೇಳ್ತೀನಿ. ಅದು ಶುರುವಾಗೋದು ಕುರಿ ದೊಡ್ಡಿಯಿಂದ. ಆದರೆ ಅದಕ್ಕೂ ಮೊದಲು ಜಗತ್ತಿನ ಅತ್ಯಂತ ಬಲಾಢ್ಯ ಅಪ್ಪನೊಬ್ಬನ ಕಥೆ ಕೇಳಬೇಕು.

1963ರ ಆಗಸ್ಟ್ 7. ಅಮೆರಿಕದ ಅಧ್ಯಕ್ಷ ಜಾನ್ ಎಫ್ ಕೆನಡಿಯ ಪತ್ನಿ ಜಾಕ್ವೆಲಿನ್ ಕೇಪ್ ಕಾಡ್ ಕಡಲತೀರದಲ್ಲಿದ್ದರು. ಐದೂವರೆ ವಾರ ಮೊದಲೇ ಹೆರಿಗೆ ನೋವು ಬಂತು. ಆಕೆಗೆ ಇದು ಹೊಸದೇನಲ್ಲ. 1955ರಲ್ಲಿ ಗರ್ಭಪಾತ ಆಗಿತ್ತು. 1956ರಲ್ಲಿ ಹೆಣ್ಣು ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. 1960ರಲ್ಲಿ ಮಗ ಜಾನ್ ಹುಟ್ಟಿದ್ದೂ ಅವಧಿಗೆ ಮೊದಲೇ, ಸಿಸೇರಿಯನ್ ಮಾಡಿ. ಹಾಗಾಗಿ ಈ ಸಲ ಓಟಿಸ್ ವಾಯುನೆಲೆಯ ಆಸ್ಪತ್ರೆಯಲ್ಲಿ ಎಲ್ಲ ಸಜ್ಜಾಗಿತ್ತು. ತುರ್ತು ಆಪರೇಷನ್ ಆಯ್ತು. ಗಂಡು ಮಗು. ತೂಕ ಸುಮಾರು 2 ಕೆಜಿ 100 ಗ್ರಾಂ. ಹೆಸರು ಪ್ಯಾಟ್ರಿಕ್.

2 ಕೆಜಿ 100 ಗ್ರಾಂ! ಇವತ್ತು ನಮ್ಮ ಯಾವುದೇ ಜಿಲ್ಲಾಸ್ಪತ್ರೆಯ ನರ್ಸಮ್ಮನಿಗೆ ಕೇಳಿ. ಅಷ್ಟು ತೂಕ ಇದ್ದರೆ ಹೆದರಬೇಡಿ ಅಂತಾರೆ. ಆದರೆ ಪ್ಯಾಟ್ರಿಕ್‌ಗೆ ಹುಟ್ಟಿದ ಕೂಡಲೇ ಉಸಿರಾಟದ ತೊಂದರೆ ಶುರುವಾಯ್ತು. ಆಂಬುಲೆನ್ಸ್‌ನಲ್ಲಿ ಬೋಸ್ಟನ್ ಮಕ್ಕಳ ಆಸ್ಪತ್ರೆಗೆ ಸಾಗಿಸಿದರು. ಒತ್ತಡದಲ್ಲಿ ಆಮ್ಲಜನಕ ತುಂಬಿದ ಉಕ್ಕಿನ ಕೋಣೆಯೊಳಗೆ ಮಗುವನ್ನಿಟ್ಟರು. ಅಣ್ವಸ್ತ್ರದ ಗುಂಡಿ ಕೈಯಲ್ಲಿದ್ದ ಮನುಷ್ಯ ಆ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಏನೂ ಮಾಡೋಕಾಗಲಿಲ್ಲ. ಆಗಸ್ಟ್ 9ರ ಬೆಳಗಿನ ಜಾವ ನಾಲ್ಕು ಗಂಟೆ ದಾಟಿದ ಮೇಲೆ ಮಗು ಹೋಯ್ತು. ಬದುಕಿದ್ದು 39 ಗಂಟೆ. ಇನ್ನೂ ಹೆರಿಗೆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದ ತಾಯಿಗೆ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ.

ಕಾಯಿಲೆಯ ಹೆಸರು ಹಯಲಿನ್ ಮೆಂಬ್ರೇನ್ ಡಿಸೀಸ್. ಅಂದರೆ ಶ್ವಾಸಕೋಶ ಇನ್ನೂ ಹಣ್ಣಾಗಿರಲಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ಸರ್ಫೇಸ್ ಟೆನ್ಷನ್ ಅಂತ ಒಂದು ಅಧ್ಯಾಯ ಬರುತ್ತೆ. ಹತ್ತು ಮಾರ್ಕಿಗೆ ಬಾಯಿಪಾಠ ಮಾಡಿ ಮರೆತಿದ್ದೆ. ಗುಳ್ಳೆ ಚಿಕ್ಕದಾದಷ್ಟೂ ಅದನ್ನು ಉಬ್ಬಿಸಿಡೋಕೆ ಬೇಕಾದ ಒತ್ತಡ ಜಾಸ್ತಿ. ಹೊಸ ಬಲೂನ್ ಊದುವಾಗ ಮೊದಲ ಉಸಿರಿಗೇ ಕೆನ್ನೆ ನೋಯುತ್ತಲ್ಲ, ಹಾಗೇ. ನಮ್ಮ ಶ್ವಾಸಕೋಶ ಅಂದರೆ ಕೋಟಿಗಟ್ಟಲೆ ಪುಟ್ಟ ಗುಳ್ಳೆಗಳು. ಪ್ರತಿ ಸಲ ಉಸಿರು ಬಿಟ್ಟಾಗಲೂ ಅವು ಮುದುಡಿ ಅಂಟಿಕೊಳ್ಳದ ಹಾಗೆ ಒಳಗೆ ಸೋಪಿನಂಥ ಒಂದು ಪದಾರ್ಥ ಬಳಿದಿರುತ್ತೆ. ಅದೇ ಸರ್ಫ್ಯಾಕ್ಟಂಟ್. ಹೊಟ್ಟೆಯೊಳಗಿನ ಮಗು ಅದನ್ನು ಸಾಕಷ್ಟು ತಯಾರು ಮಾಡಿಕೊಳ್ಳೋದು ಕೊನೆಯ ವಾರಗಳಲ್ಲಿ. ಅದಿಲ್ಲದೇ ಹುಟ್ಟಿದ ಮಗುವಿಗೆ ಪ್ರತಿ ಉಸಿರೂ ಹೊಸ ಬಲೂನೇ. ಊದಿ ಊದಿ ಸುಸ್ತಾಗಿಬಿಡುತ್ತೆ.

ಇದು 1963ರಲ್ಲಿ ಗೊತ್ತಿರದ ವಿಷಯ ಏನಲ್ಲ. 1959ರಲ್ಲೇ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು, ಈ ಕಾಯಿಲೆಯಿಂದ ಸತ್ತ ಶಿಶುಗಳ ಶ್ವಾಸಕೋಶದಲ್ಲಿ ಆ ಪದಾರ್ಥದ ಕೊರತೆ ಇದೆ ಅಂತ ತೋರಿಸಿದ್ದರು. ಕಾರಣ ಗೊತ್ತು, ಪರಿಹಾರ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸದಲ್ಲಿ ಪ್ಯಾಟ್ರಿಕ್ ಸಿಕ್ಕಿಕೊಂಡ.

ಹಾಗಾದರೆ ಅಲ್ಲಿಯವರೆಗೆ ತಿಂಗಳು ತುಂಬದ ಮಕ್ಕಳನ್ನು ಹೇಗೆ ನೋಡಿಕೊಳ್ತಿದ್ದರು? ಬೆಚ್ಚಗಿಟ್ಟು ನೋಡಿಕೊಳ್ತಿದ್ದರು. ಮಾರ್ಟಿನ್ ಕೌನಿ ಅನ್ನೋ ವ್ಯಕ್ತಿ ನ್ಯೂಯಾರ್ಕಿನ ಕೋನಿ ಐಲೆಂಡ್ ಜಾತ್ರೆಯಲ್ಲಿ 1903ರಿಂದ 1943ರವರೆಗೆ ಇನ್‌ಕ್ಯುಬೇಟರಿನಲ್ಲಿ ಜೀವಂತ ಶಿಶುಗಳನ್ನಿಟ್ಟು ಪ್ರದರ್ಶನ ನಡೆಸಿದ. ಟಿಕೆಟ್ 25 ಸೆಂಟ್. ಆ ದುಡ್ಡಲ್ಲಿ ಮಕ್ಕಳ ಆರೈಕೆ. ಅಪ್ಪ ಅಮ್ಮನ ಹತ್ತಿರ ಒಂದು ಕಾಸೂ ಕೇಳ್ತಿರಲಿಲ್ಲ. ಟಿಆರ್‌ಪಿ ಅನ್ನೋದನ್ನು ಕಂಡುಹಿಡಿದಿದ್ದು ನಾವು ಅಂದುಕೊಂಡಿದ್ವಿ. ಆ ಮನುಷ್ಯ ನಮಗಿಂತ ಮೊದಲೇ, ನಮಗಿಂತ ಒಳ್ಳೇ ಕೆಲಸಕ್ಕೆ ಬಳಸಿದ್ದ.

ಹೆರಿಗೆಯನ್ನೇ ತಡೆಯೋ ಪ್ರಯತ್ನಗಳೂ ನಡೆದವು. ಇದನ್ನು ಓದಿದಾಗ ನನಗೆ ನಂಬೋಕಾಗಲಿಲ್ಲ. 1960ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಫ್ರಿಟ್ಜ್ ಫುಕ್ಸ್ ಅಕಾಲಿಕ ನೋವು ಬಂದ ಗರ್ಭಿಣಿಯರಿಗೆ ರಕ್ತನಾಳದ ಮೂಲಕ ಆಲ್ಕೋಹಾಲ್ ಡ್ರಿಪ್ ಹಾಕ್ತಿದ್ದರು. ಹೌದು, ಆಲ್ಕೋಹಾಲೇ. ಗರ್ಭಕೋಶದ ಸೆಳೆತ ನಿಲ್ಲುತ್ತೆ ಅಂತ. ತಾಯಂದಿರು ಅಮಲಿನಲ್ಲಿ ವಾಂತಿ ಮಾಡಿಕೊಂಡು ಮಲಗಿರ್ತಿದ್ದರು. ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇದೇ ಚಿಕಿತ್ಸೆ.

ಈಗ ಬನ್ನಿ, ನ್ಯೂಜಿಲೆಂಡಿಗೆ. ಗ್ರಹಾಂ ಲಿಗಿನ್ಸ್ ಅನ್ನೋ ಹೆರಿಗೆ ಡಾಕ್ಟರು. ಎಲ್ಲರೂ 'ಮಾಂಟ್' ಅಂತ ಕರೀತಿದ್ದರು. ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಕೆಲಸ. ಅವರಿಗೆ ಶ್ವಾಸಕೋಶದ ಯೋಚನೆಯೇ ಇರಲಿಲ್ಲ. ಅವರ ಪ್ರಶ್ನೆ ಬೇರೆ: ಹೆರಿಗೆ ಯಾವಾಗ ಶುರುವಾಗಬೇಕು ಅಂತ ತೀರ್ಮಾನ ಮಾಡೋರು ಯಾರು? ಅಮ್ಮನಾ, ಮಗುವಾ?

ಅಮೆರಿಕದ ಐಡಹೊ ಕಡೆ ಕುರಿಗಳು ಒಂದು ಕಾಡುಗಿಡ ತಿಂದರೆ ವಿಕಾರವಾದ ಮರಿಗಳು ಗರ್ಭದಲ್ಲಿ ಬೆಳೀತಿದ್ದವು. ಆ ಕುರಿಗಳು ದಿನ ತುಂಬಿದರೂ ಈಯ್ತಿರಲಿಲ್ಲ. ಮರಿಯ ಮೆದುಳಿನ ತಳದ ಪಿಟ್ಯೂಟರಿ ಗ್ರಂಥಿ ಸರಿ ಇಲ್ಲದಿದ್ದರೆ ಹೆರಿಗೆಯೇ ಶುರುವಾಗಲ್ಲ ಅನ್ನೋ ಸುಳಿವು ಅಲ್ಲಿತ್ತು. ಲಿಗಿನ್ಸ್ ಅದನ್ನು ತಿರುಗಿಸಿ ನೋಡಿದರು. ಗರ್ಭದಲ್ಲಿರುವ ಮರಿಗೆ ಸ್ಟೀರಾಯ್ಡ್ ಕೊಟ್ಟರೆ? ಕುರಿ ಬೇಗನೇ ಈಯ್ತು. ಅಂದರೆ ಕುರಿಯ ವಿಷಯದಲ್ಲಿ ತೀರ್ಮಾನ ಮರಿಯದ್ದು. (ಮನುಷ್ಯರಲ್ಲಿ ಲೆಕ್ಕ ಹೀಗಿಲ್ಲ. ಸ್ಟೀರಾಯ್ಡ್ ಕೊಟ್ಟರೆ ನಮ್ಮಲ್ಲಿ ಹೆರಿಗೆ ಶುರುವಾಗಲ್ಲ. ಪುಣ್ಯ.)

ಅಸಲಿ ಸುದ್ದಿ ಇದಲ್ಲ. ಕುರಿಯ ಗರ್ಭಾವಧಿ ಸುಮಾರು 147 ದಿನ. ಲಿಗಿನ್ಸ್ ಪ್ರಯೋಗದಲ್ಲಿ 117ನೇ ದಿನಕ್ಕೆ ಹುಟ್ಟಿದ ಒಂದು ಮರಿ ಉಸಿರಾಡ್ತಿತ್ತು. ಉಸಿರಾಡಬಾರದಿತ್ತು. ಅಷ್ಟು ಎಳೆಯ ಮರಿಯ ಶ್ವಾಸಕೋಶ ಗಾಳಿ ಹಿಡಿಯೋದೇ ಇಲ್ಲ. ಕೊಯ್ದು ನೋಡಿದರೆ ಶ್ವಾಸಕೋಶ ಒಂದಿಷ್ಟು ಅರಳಿತ್ತು. ಬೇರೆಯವರಾಗಿದ್ದರೆ ಲೆಕ್ಕ ತಪ್ಪಿರಬೇಕು ಅಂತ ಮುಂದೆ ಹೋಗ್ತಿದ್ದರೇನೋ. ಲ್ಯಾಬಿನಲ್ಲಿ ಗ್ರಾಫಿಗೆ ಹೊಂದದ ರೀಡಿಂಗ್ ಬಂದರೆ ಅಳಿಸಿ ಪಕ್ಕದವನ ರೀಡಿಂಗ್ ಬರೆದುಕೊಂಡ ಜಾತಿ ನಮ್ಮದು. ಈ ಮನುಷ್ಯ ಅಲ್ಲೇ ನಿಂತರು. ಆ ಸ್ಟೀರಾಯ್ಡು ಶ್ವಾಸಕೋಶವನ್ನು ಅವಧಿಗೆ ಮೊದಲೇ ಹಣ್ಣು ಮಾಡಿರಬಹುದಾ? 1969ರಲ್ಲಿ ಬರೆದ ಲೇಖನದಲ್ಲಿ ಆ ಮಾತು ಹೇಳಿದರು.

ಅದೇ ವರ್ಷ ಡಿಸೆಂಬರಿನಲ್ಲಿ ಮಕ್ಕಳ ತಜ್ಞ ರಾಸ್ ಹೌವಿ ಜೊತೆ ಸೇರಿ ತಾಯಂದಿರ ಮೇಲೆ ಪ್ರಯೋಗ ಶುರು. ಅವಧಿಗೆ ಮೊದಲೇ ನೋವು ಬಂದ ತಾಯಂದಿರಲ್ಲಿ ಅರ್ಧ ಜನಕ್ಕೆ ಬೀಟಾಮೆಥಾಸೋನ್ ಅನ್ನೋ ಸ್ಟೀರಾಯ್ಡ್, ಇನ್ನರ್ಧ ಜನಕ್ಕೆ ಅದಲ್ಲದ ಇಂಜೆಕ್ಷನ್. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ. ಔಷಧ ಕೆಲಸ ಮಾಡೋಕೆ ಸಮಯ ಬೇಕಲ್ಲ, ಅದಕ್ಕೆ ಹೆರಿಗೆಯನ್ನು ಎರಡು ಮೂರು ದಿನ ಮುಂದೂಡೋಕೆ ಅದೇ ಆಲ್ಕೋಹಾಲ್ ಡ್ರಿಪ್ಪನ್ನೂ ಬಳಸಿದರು.

1972ರಲ್ಲಿ ಫಲಿತಾಂಶ ಬಂತು. 282 ತಾಯಂದಿರು. ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ ಉಸಿರಾಟದ ಕಾಯಿಲೆ ಬಂದ ಮಕ್ಕಳು 100ಕ್ಕೆ ಸುಮಾರು 26. ಇಂಜೆಕ್ಷನ್ ಸಿಕ್ಕ ಗುಂಪಿನಲ್ಲಿ 9. ಮೊದಲ ವಾರದ ಸಾವು 100ಕ್ಕೆ 15ರಿಂದ 3ಕ್ಕೆ ಇಳಿದಿತ್ತು. ಎರಡು ಸೂಜಿ, ಮಧ್ಯೆ 24 ಗಂಟೆ ಅಂತರ. ಅಷ್ಟೇ.

ಇಂಥ ಸುದ್ದಿ ಬಂದರೆ ನಾಳೆಯಿಂದಲೇ ಜಗತ್ತಿನಾದ್ಯಂತ ಎಲ್ಲ ಆಸ್ಪತ್ರೆಗಳೂ ಕೊಡೋಕೆ ಶುರು ಮಾಡಬೇಕು, ಅಲ್ವಾ? ಇಲ್ಲ. ಇಪ್ಪತ್ತು ವರ್ಷ ಹೋಯ್ತು! 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಕೂರಿಸಿ ಲೆಕ್ಕ ಹಾಕಿಸಿದಾಗ, ಈ ಇಂಜೆಕ್ಷನ್ ಸಿಗಬೇಕಾದ ತಾಯಂದಿರಲ್ಲಿ ಐವರಲ್ಲಿ ಒಬ್ಬರಿಗೂ ಸಿಗ್ತಿರಲಿಲ್ಲ. ಅಮೆರಿಕದಲ್ಲಿ! ಕೆನಡಿ ಮಗು ಸತ್ತ ಅದೇ ದೇಶದಲ್ಲಿ.

ಯಾಕೆ? ವೈದ್ಯರೆಲ್ಲ ಸೋಮಾರಿಗಳು ಅಂತ ಹೇಳೋದು ಸುಲಭ. ಅವರಿಗೆ ನಿಜವಾದ ಭಯಗಳಿದ್ದವು. ಸ್ಟೀರಾಯ್ಡ್ ಕೊಟ್ಟರೆ ತಾಯಿಗೆ ಸೋಂಕು ತಗುಲಿದರೆ? ಮಗುವಿನ ಮೆದುಳಿಗೆ ಏನಾದರೂ ಆದರೆ? ವಿಪರೀತ ಬಿಪಿ ಇದ್ದ ಕೆಲವು ತಾಯಂದಿರಲ್ಲಿ ಮಗು ಹೊಟ್ಟೆಯಲ್ಲೇ ಹೋದ ಉದಾಹರಣೆಗಳು ಆಕ್ಲೆಂಡಿನ ಆ ಪ್ರಯೋಗದಲ್ಲೇ ಇದ್ದವು. ಆಮೇಲೆ ನಡೆದ ಅಧ್ಯಯನಗಳು ಬೇರೆ ಒಂದೊಂದೂ ಚಿಕ್ಕವು. ಒಂದು ಹೌದು ಅಂದರೆ, ಇನ್ನೊಂದು ಗ್ಯಾರಂಟಿ ಇಲ್ಲ ಅಂತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸಿಗ್ನಲ್ ಇತ್ತು, ನಾಯ್ಸ್ ಜಾಸ್ತಿ ಇತ್ತು.

ಬ್ರಿಟನ್ನಿನಲ್ಲಿ ಕೆಲವರು ಆ ಅಧ್ಯಯನಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಜೋಡಿಸಿದರು. ಮಧ್ಯೆ ಒಂದು ನೇರ ಗೆರೆ. ಎಡಕ್ಕೆ ಹೋದರೆ ಲಾಭ, ಬಲಕ್ಕೆ ಹೋದರೆ ನಷ್ಟ. ಒಂದೊಂದು ಅಧ್ಯಯನಕ್ಕೂ ಒಂದೊಂದು ಅಡ್ಡಗೆರೆ. ಬಿಡಿಬಿಡಿಯಾಗಿ ನೋಡಿದರೆ ಹಲವು ಗೆರೆಗಳು ಮಧ್ಯದ ಗೆರೆಯನ್ನು ಮುಟ್ಟಿಕೊಂಡೇ ಇವೆ. ಒಟ್ಟು ಕೂಡಿಸಿ ಕೆಳಗೆ ಹಾಕಿದ ವಜ್ರದ ಚಿಹ್ನೆ ಮಾತ್ರ ಸ್ಪಷ್ಟವಾಗಿ ಎಡಕ್ಕೆ ನಿಂತಿದೆ. 1993ರಲ್ಲಿ ಹುಟ್ಟಿದ ಕಾಕ್ರೇನ್ ಅನ್ನೋ ಸಂಸ್ಥೆಯ ಲೋಗೋ ನೋಡಿ, ಅದು ಇದೇ ಚಿತ್ರ. ಲೋಗೋ ಅಂದರೆ ಸಿಂಹ, ಹದ್ದು, ಸೂರ್ಯ ಇರೋ ಕಾಲದಲ್ಲಿ ಇವರು ತಡವಾಗಿ ಕೊಟ್ಟ ಒಂದು ಇಂಜೆಕ್ಷನ್ನಿನ ಗ್ರಾಫನ್ನು ಲೋಗೋ ಮಾಡಿಕೊಂಡರು. ಆ ಸಂಸ್ಥೆಗೆ ಹೆಸರು ಬಂದಿದ್ದು ಆರ್ಚಿ ಕಾಕ್ರೇನ್ ಅನ್ನೋ ವೈದ್ಯರಿಂದ. ವೈದ್ಯಶಾಸ್ತ್ರದ ಎಲ್ಲ ಶಾಖೆಗಳಲ್ಲಿ ಪುರಾವೆ ನೋಡದೇ ಕೆಲಸ ಮಾಡೋರಲ್ಲಿ ಮೊದಲ ಸ್ಥಾನ ಹೆರಿಗೆ ವಿಭಾಗಕ್ಕೆ ಅಂತ 1979ರಲ್ಲಿ ಮರದ ಸೌಟಿನ ಬಹುಮಾನ ಘೋಷಿಸಿದ್ದ ಮನುಷ್ಯ ಅವರು.

ಮೆದುಳಿನ ಭಯ? ಆಕ್ಲೆಂಡ್ ಪ್ರಯೋಗದಲ್ಲಿ ಹುಟ್ಟಿದ ಮಕ್ಕಳಿಗೆ ಮೂವತ್ತು ವರ್ಷ ಆದಾಗ ಹುಡುಕಿ ಕರೆದು ಪರೀಕ್ಷೆ ಮಾಡಿದರು. 2005ರಲ್ಲಿ ವರದಿ ಬಂತು. ಬುದ್ಧಿಶಕ್ತಿ, ನೆನಪು, ಮನಸ್ಸಿನ ಆರೋಗ್ಯ ಇವುಗಳಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ.

ರಾತ್ರಿ ಒಂದೂವರೆಗೆ ದಾವಣಗೆರೆ ಮುಟ್ಟಿದೆ. ಇವೆಲ್ಲ ಆಗ ನನಗೆ ಗೊತ್ತಿರಲಿಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೆ ನನ್ನ ಹೆಂಡತಿಯ ಅಜ್ಜಿ ಕೂತಿದ್ದರು. ಬೆರಳು ಮಡಚಿ ಮಡಚಿ ಲೆಕ್ಕ ಹಾಕ್ತಿದ್ದರು. "ಏಳು ತುಂಬಿ ಎಂಟಕ್ಕೆ ಬಿದ್ದೈತೆ ಕಣಪ್ಪಾ. ಏಳರಾಗೇ ಆಗಿದ್ರೆ ಉಳೀತಿತ್ತು. ಎಂಟರಾಗೆ ಹುಟ್ಟಿದ್ದು ಉಳಿಯಲ್ಲ."

ನಿಮ್ಮ ಮನೆಯಲ್ಲೂ ಈ ಮಾತು ಕೇಳಿರ್ತೀರಿ. ಅಜ್ಜಿಯನ್ನು ಬೈಯೋ ಹಾಗಿಲ್ಲ. ಇದು ಬರೀ ಅವರ ಮಾತಲ್ಲ. ಎಂಟನೇ ತಿಂಗಳಲ್ಲಿ ಓಜಸ್ಸು ತಾಯಿ ಮತ್ತು ಮಗುವಿನ ಮಧ್ಯೆ ಓಡಾಡ್ತಿರುತ್ತೆ, ಆಗ ಹುಟ್ಟಿದ ಮಗು ಬದುಕಲ್ಲ ಅಂತ ನಮ್ಮ ಆಯುರ್ವೇದದ ಹಳೆಯ ಗ್ರಂಥಗಳಲ್ಲೇ ಇದೆ. ಗ್ರೀಸಿನಲ್ಲಿ ಹಿಪ್ಪೊಕ್ರೇಟಿಸ್ ಹೆಸರಿನಲ್ಲಿರುವ ಬರಹಗಳಲ್ಲಿ ಎಂಟು ತಿಂಗಳ ಶಿಶುವಿನ ಬಗ್ಗೆಯೇ ಒಂದು ಪುಸ್ತಕ ಇದೆ. ಅಲ್ಲೂ ಅದೇ ಮಾತು. ಎರಡು ಸಾವಿರ ವರ್ಷದ ಹಿಂದೆ ಎರಡು ದೊಡ್ಡ ನಾಗರಿಕತೆಗಳು ಒಂದೇ ತಪ್ಪು ಮಾಡಿದ್ದವು. ತಪ್ಪೇ. ಅದರಲ್ಲಿ ಅನುಮಾನ ಬೇಡ. ಹೊಟ್ಟೆಯಲ್ಲಿ ಉಳಿದ ಒಂದೊಂದು ವಾರವೂ ಮಗುವಿಗೆ ಲಾಭ. ಎಂಟನೇ ತಿಂಗಳಿನ ಮಗು ಏಳನೆಯದಕ್ಕಿಂತ ಗಟ್ಟಿ. ಬದುಕಿ ಉಳಿದ ಎಷ್ಟೋ 'ಏಳು ತಿಂಗಳ' ಮಕ್ಕಳು ಲೆಕ್ಕ ತಪ್ಪಿದ ಎಂಟೂವರೆ ತಿಂಗಳಿನವು ಅನ್ನೋದು ನನ್ನ ಅನುಮಾನ. ಆದರೆ ಆ ರಾತ್ರಿ, ಆ ಬೆಂಚಿನ ಮೇಲೆ, ಎಂಜಿನಿಯರಿಂಗ್ ಡಿಗ್ರಿ ಇಟ್ಟುಕೊಂಡ ನಾನೂ ಬೆರಳು ಮಡಚಿ ಲೆಕ್ಕ ಹಾಕಿದೆ. ಸುಳ್ಳು ಹೇಳಲ್ಲ.

ಬೆಳಿಗ್ಗೆ ಡಾಕ್ಟರಮ್ಮ ಕೂರಿಸಿ ವಿವರಿಸಿದರು. ಸ್ಕ್ಯಾನ್ ಪ್ರಕಾರ 31 ವಾರ ನಾಲ್ಕು ದಿನ. ಸೆಳೆತ ತಗ್ಗಿಸೋಕೆ ಮಾತ್ರೆ ಕೊಟ್ಟಿದ್ದೇವೆ. ಅದು ಹೆರಿಗೆಯನ್ನು ತಿಂಗಳುಗಟ್ಟಲೆ ತಡೆಯಲ್ಲ, 48 ಗಂಟೆ ಸಿಕ್ಕರೆ ಸಾಕು. ಅಷ್ಟರಲ್ಲಿ ಡೆಕ್ಸಾಮೆಥಾಸೋನ್ ನಾಲ್ಕು ಡೋಸ್ ಮುಗಿಯುತ್ತೆ. ಹನ್ನೆರಡು ಗಂಟೆಗೊಂದು, ಒಂದೊಂದೂ 6 ಮಿಲಿಗ್ರಾಂ.

ಡೆಕ್ಸಾ! ಕೊರೋನಾ ಕಾಲದಲ್ಲಿ ನಾವೇ ಗಂಟಲು ಹರಿಯೋ ಹಾಗೆ ಸ್ಕ್ರೀನ್ ಮೇಲೆ ಕೂಗಿದ ಹೆಸರು. ಒಂದು ಪ್ಲೇಟ್ ಇಡ್ಲಿಗಿಂತ ಅಗ್ಗದ ಔಷಧ. 2014ರಲ್ಲಿ ಕೇಂದ್ರ ಸರ್ಕಾರವೇ ಮಾರ್ಗಸೂಚಿ ಹೊರಡಿಸಿ, 24ರಿಂದ 34 ವಾರದೊಳಗೆ ನೋವು ಬಂದ ಗರ್ಭಿಣಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಎಎನ್‌ಎಂ ಕೂಡ ಮೊದಲ ಡೋಸ್ ಕೊಡಬಹುದು ಅಂತ ಹೇಳಿತ್ತು.

ಇಲ್ಲಿಗೆ ಕಥೆ ಮುಗಿಸಿದ್ದರೆ ಚೆನ್ನಾಗಿರ್ತಿತ್ತು. ಆದರೆ ಇನ್ನೊಂದು ಭಾಗ ಇದೆ, ಅದು ನಮ್ಮ ಬೆಳಗಾವಿಯದ್ದು. ಹಳ್ಳಿ ಮಟ್ಟದಲ್ಲೂ ಈ ಇಂಜೆಕ್ಷನ್ ಸಿಗೋ ಹಾಗೆ ಮಾಡಿದರೆ ಏನಾಗುತ್ತೆ ಅಂತ ಆರು ದೇಶಗಳಲ್ಲಿ ದೊಡ್ಡ ಅಧ್ಯಯನ ನಡೀತು. ಸುಮಾರು ಒಂದು ಲಕ್ಷ ಜನನಗಳು. ಭಾರತದಲ್ಲಿ ನಡೆದದ್ದು ಬೆಳಗಾವಿ ಮತ್ತು ನಾಗಪುರದಲ್ಲಿ. 2015ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಶಾಕ್. ತುಂಬಾ ಚಿಕ್ಕ ಮಕ್ಕಳ ಸಾವು ಕಡಿಮೆ ಆಗಿರಲಿಲ್ಲ. ಒಟ್ಟಾರೆ ಶಿಶುಮರಣ ಸಾವಿರಕ್ಕೆ ಮೂರೂವರೆಯಷ್ಟು ಜಾಸ್ತಿಯಾಗಿತ್ತು!

ಇಂಜೆಕ್ಷನ್ ಪಡೆದವರಲ್ಲಿ ಬಹುಪಾಲು ತಾಯಂದಿರು ಹೆತ್ತಿದ್ದು ಅಷ್ಟೇನೂ ಚಿಕ್ಕದಲ್ಲದ ಮಗುವನ್ನು. ಅವರಿಗೆ ಆ ಔಷಧ ಬೇಕೇ ಇರಲಿಲ್ಲ. ಸ್ಕ್ಯಾನ್ ಇಲ್ಲದ ಕಡೆ ವಾರಗಳ ಲೆಕ್ಕ ಏರುಪೇರು. ಸೋಂಕಿನ ಅನುಮಾನಗಳೂ ಜಾಸ್ತಿ. ಆಕ್ಲೆಂಡಿನ ಆಸ್ಪತ್ರೆಯಲ್ಲಿ ಜೀವ ಉಳಿಸಿದ ಔಷಧ, ಶಿಶು ಆರೈಕೆ ಘಟಕವೇ ಇಲ್ಲದ ಕಡೆ ಹಾಗೆ ನಡೆದುಕೊಳ್ಳಲಿಲ್ಲ. ಹಾಗಾದರೆ ಬಡದೇಶಗಳಲ್ಲಿ ಇದನ್ನು ಬಿಟ್ಟುಬಿಡಬೇಕಾ? ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಪ್ರಯೋಗ ಮಾಡಿಸಿತು. ಈ ಸಲ ಹಳ್ಳಿಯಲ್ಲಲ್ಲ, ಭಾರತ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ವಾರಗಳನ್ನು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡು. 2852 ತಾಯಂದಿರು. ನವಜಾತ ಶಿಶುಗಳ ಸಾವು 100ಕ್ಕೆ ಇಪ್ಪತ್ಮೂರೂವರೆಯಿಂದ ಇಪ್ಪತ್ತರ ಒಳಗೆ ಬಂತು. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. 2020ರ ವರದಿ ಅದು. ಅದೇ 2020ರಲ್ಲಿ ಜಗತ್ತಿನಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳು ಅಂದಾಜು 1 ಕೋಟಿ 34 ಲಕ್ಷ. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದ್ದೇ.

ಔಷಧ ಒಂದೇ. ಯಾವ ವಾರ, ಯಾವ ಆಸ್ಪತ್ರೆ, ಎಷ್ಟು ಗಂಟೆ ಮೊದಲು ಅನ್ನೋದರ ಮೇಲೆ ಎಲ್ಲ ನಿಂತಿದೆ. ಅದಕ್ಕೇ ಈ ಪುಸ್ತಕ ಹಿಡಿದಿರೋ ಮನೆಯಲ್ಲಿ ಗರ್ಭಿಣಿ ಇದ್ದರೆ ಒಂದು ಮಾತು. 37 ವಾರ ತುಂಬುವ ಮೊದಲು ಹೊಟ್ಟೆ ಮತ್ತೆ ಮತ್ತೆ ಒಂದೇ ಅಂತರದಲ್ಲಿ ಗಟ್ಟಿಯಾಗ್ತಿದ್ದರೆ, ನೀರು ಹೋದರೆ, ರಕ್ತ ಕಂಡರೆ, ಸೊಂಟ ಬಿಡದೇ ಎಳೀತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ ಅನ್ನಬೇಡಿ. ಮೊದಲ ಸ್ಕ್ಯಾನಿನ ಕಾಗದ ಜೊತೆಗಿರಲಿ, ವಾರದ ಲೆಕ್ಕ ಇರೋದು ಅದರಲ್ಲೇ. ಹಾಸಿಗೆ ಬಿಟ್ಟು ಏಳಬೇಡ ಅಂತ ತಿಂಗಳುಗಟ್ಟಲೆ ಮಲಗಿಸಿದರೆ ಹೆರಿಗೆ ನಿಲ್ಲುತ್ತೆ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ. ನನ್ನ ಹೆಂಡತಿ ಅವತ್ತು ಬೆಳಿಗ್ಗೆ ಹೊಟ್ಟೆ ಗಟ್ಟಿಯಾದಾಗ ಸಂಜೆವರೆಗೆ ಯಾರಿಗೂ ಹೇಳಿರಲಿಲ್ಲ. "ನಿಮಗೆ ಶೋ ಇತ್ತಲ್ಲ, ಸುಮ್ನೆ ಯಾಕೆ ಅಂತ" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತೆ.

ನಾಲ್ಕನೇ ಡೋಸ್ ಮೂರನೇ ದಿನ ಬೆಳಿಗ್ಗೆ ಬಿತ್ತು. ಸೆಳೆತ ನಿಂತಿತ್ತು. ಹೆರಿಗೆ ಆಗಲಿಲ್ಲ. ಆಮೇಲೆ ಐದೂವರೆ ವಾರ ಮಗು ಹೊಟ್ಟೆಯಲ್ಲೇ ಇತ್ತು. 37 ತುಂಬಿದ ಮೇಲೆ ಹುಟ್ಟಿತು. ತೂಕ 2 ಕೆಜಿ 600 ಗ್ರಾಂ. ಅಂದರೆ ಬೆಳಗಾವಿಯ ಆ ಲೆಕ್ಕದಲ್ಲಿ, ಔಷಧ ಬೇಕಿಲ್ಲದೆಯೇ ಪಡೆದವರ ಪಟ್ಟಿಗೆ ನಮ್ಮನ್ನೂ ಸೇರಿಸಬೇಕು. ಅವತ್ತು ರಾತ್ರಿ ಅದನ್ನು ಯಾರು ಹೇಳಬಲ್ಲವರಾಗಿದ್ದರು? ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಮಾತ್ರ ಎಲ್ಲ ಗೊತ್ತಿತ್ತು, ಅದೂ ತಪ್ಪಾಯ್ತು. ಈಗ ಮರಿಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು, "ಒಂಬತ್ತು ತುಂಬಿಸ್ಕೊಂಡೇ ಬಂದ್ಲು ನೋಡು, ಬುದ್ಧಿವಂತೆ" ಅಂತಾರೆ.

ಆಸ್ಪತ್ರೆಯ ಫೈಲ್ ನನ್ನ ಹತ್ತಿರ ಇದೆ. ಅದರಲ್ಲೊಂದು ಹಾಳೆ. ಡೆಕ್ಸಾ 6 ಮಿಲಿಗ್ರಾಂ ಅಂತ ನಾಲ್ಕು ಸಲ ಬರೆದಿದೆ, ಪಕ್ಕದಲ್ಲಿ ಹೊತ್ತು, ಅದರ ಪಕ್ಕದಲ್ಲಿ ನರ್ಸಮ್ಮನ ನಾಲ್ಕು ಟಿಕ್ ಮಾರ್ಕ್. ಮೂರನೆಯದನ್ನು ಹಾಕುವಾಗ ಪೆನ್ನಿನಲ್ಲಿ ಇಂಕ್ ಮುಗಿದಿತ್ತು. ನನ್ನ ಜೇಬಿನಲ್ಲಿದ್ದ ಚಾನೆಲ್ಲಿನ ಪೆನ್ ಕೊಟ್ಟಿದ್ದೆ. ಅದು ಹಸಿರು ಬಣ್ಣದಲ್ಲಿದೆ.